ಚೆನ್ನೈ ಸಿಟಿ: ಗೆದ್ದರೂ ಮೇಲೇರದ ತಂಡ

ಚೆನ್ನೈ ಹೆಸರಿನ ಕಾಲ್ಚೆಂಡು ತಂಡದ ತವರು ಪಂದ್ಯ ನೋಡಲು ಚೆನ್ನೈ ನಿವಾಸಿಗಳು ಕೋಯಂಬೇಡಿನಲ್ಲಿ ಕೊಯಮತ್ತೂರು ಬಸ್ಸು ಹತ್ತಬೇಕಾಗಿದ್ದ ಕಾಲವೊಂದಿತ್ತು. 1946ರಲ್ಲಿ ನೇತಾಜಿ ಸ್ಪೋರ್ಟ್ಸ್ ಕ್ಲಬ್ ಆಗಿ ಹುಟ್ಟಿದ ಚೆನ್ನೈ ಸಿಟಿ ತಂಡವು 2017ರಲ್ಲಿ ರಾಷ್ಟ್ರಮಟ್ಟದ ಐ-ಲೀಗ್ ಪ್ರವೇಶಿಸಿತು. ಮರುಋತುವಿಗೇ ಅದರ ತವರು ಮೈದಾನ ಕೊಯಮತ್ತೂರಾಯಿತು.

2019ರ ಮಾರ್ಚ್ 9ರಂದು ಅಲ್ಲಿಯೇ ಮಿನರ್ವಾ ಪಂಜಾಬ್ ತಂಡವನ್ನು 3-1ರಿಂದ ಮಣಿಸಿ, ಈಸ್ಟ್ ಬೆಂಗಾಲ್‌ಗಿಂತ ಒಂದೇ ಅಂಕ ಮುಂದೆ ನಿಂತು ಪ್ರಶಸ್ತಿ ಗೆದ್ದಿತು. ತಮಿಳುನಾಡಿಗೆ ಅದೇ ಮೊದಲು. (ನಮ್ಮ ಬೆಂಗಳೂರು ಎಫ್‌ಸಿ 2014ರಲ್ಲೇ ಗೆದ್ದಿತ್ತೆಂಬುದನ್ನು ಮೆಲ್ಲಗೆ ಸೇರಿಸಬಹುದು!) ಆದರೆ ಐ-ಲೀಗ್ ವಿಜೇತರಿಗೆ ಇಂಡಿಯನ್ ಸೂಪರ್ ಲೀಗ್‌ಗೆ ಬಡ್ತಿ ನೀಡುವ ನಿಯಮ ಆಗ ಇರಲಿಲ್ಲ. ಅಂಥ ಮೊದಲ ಬಡ್ತಿ 2023ರಲ್ಲಿ ದೊರೆತದ್ದು, ಹೆಸರು ಬದಲಿಸಿಕೊಂಡಿದ್ದ ಅದೇ ಪಂಜಾಬಿನ ತಂಡಕ್ಕೆ. ಅಷ್ಟರಲ್ಲಿ ಚೆನ್ನೈ ಸಿಟಿ ಐ-ಲೀಗ್‌ನಲ್ಲೇ ಉಳಿದಿರಲಿಲ್ಲ. 2020-21ರದೇ ಅದರ ಕಡೆಯ ಋತು.