ಹಾಡಿನ ಬಗ್ಗೆ ಜಗಳವಿಲ್ಲ, ಸದ್ದಿನ ಬಗ್ಗೆ ಇದೆ

ಹೆವಿ ಮೆಟಲ್ ತಂಡ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ 2008ರ ಸೆಪ್ಟೆಂಬರಿನಲ್ಲಿ ಬಂದಾಗ ತಂಡ ಹುಟ್ಟಿ ಸುಮಾರು 27 ವರ್ಷವಾಗಿತ್ತು. ಹಿಂದಿನ ಆಲ್ಬಮ್, 2003ರ ‘ಸೇಂಟ್ ಆ್ಯಂಗರ್’, ಹಳೆಯ ಅಭಿಮಾನಿಗಳನ್ನು ನೋಯಿಸಿತ್ತು. ಅದರಲ್ಲಿ ಗಿಟಾರ್ ಸೋಲೋಗಳೇ ಇರಲಿಲ್ಲ, ಸ್ನೇರ್ ಡ್ರಮ್ ತಗಡಿನ ಡಬ್ಬ ಬಡಿದಂತೆ ಕೇಳುತ್ತಿತ್ತು. ಹೊಸದರಲ್ಲಿ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್‌ನ ಸೋಲೋಗಳು ಮರಳಿದವು, ಹಾಡುಗಳು ಏಳೆಂಟು ನಿಮಿಷ ಹರಿದವು. ಹಳಬರು ಹಿಗ್ಗಿದರು. ನಾನೂ ಹಿಗ್ಗಿದೆ.

ಆದರೆ ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿದರೆ ಕಿವಿ ದಣಿಯುತ್ತದೆ. ಮೆಲುದನಿಯನ್ನೂ ಗಟ್ಟಿದನಿಯ ಮಟ್ಟಕ್ಕೆ ಏರಿಸಿ, ಎಲ್ಲವನ್ನೂ ಡಿಜಿಟಲ್ ಮಿತಿಯ ಅಂಚಿಗೆ ಒತ್ತಿದ್ದಾರೆ. ಅಂಚಿಗೆ ತಾಗಿದ ಅಲೆಗಳ ತುದಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ.

ಇದನ್ನು ಸಾಬೀತು ಮಾಡಿದವರು ಅಭಿಮಾನಿಗಳೇ. ‘ಗಿಟಾರ್ ಹೀರೋ’ ವಿಡಿಯೋ ಗೇಮಿಗೆ ಇವೇ ಹಾಡುಗಳು ಬಂದಿದ್ದವು, ಇಷ್ಟು ಒತ್ತಡವಿಲ್ಲದೆ. ಎರಡನ್ನೂ ಹೋಲಿಸಿದವರು ಗೇಮಿನದೇ ಮೇಲು ಎಂದರು, ಮತ್ತೆ ಮಿಕ್ಸ್ ಮಾಡಿ ಎಂದು ಸಾವಿರಾರು ಜನ ಸಹಿ ಹಾಕಿದರು. ತಮ್ಮ ಕೈಸೇರುವ ಮೊದಲೇ ಅದು ಹಾಗಿತ್ತು ಎಂದು ಮಾಸ್ಟರಿಂಗ್ ಎಂಜಿನಿಯರ್ ಟೆಡ್ ಜೆನ್ಸನ್ ಹೇಳಿದರು. ಡ್ರಮ್ಮರ್ ಲಾರ್ಸ್ ಉಲ್ರಿಚ್ ಮಾತ್ರ ಆಲ್ಬಮ್ಮಿನ ಸದ್ದನ್ನು ಸಮರ್ಥಿಸಿಕೊಂಡರು.



ನಾನು ದೂರುವವರ ಕಡೆ. ಈ ಆಲ್ಬಮ್ಮಿನ ‘ದ ಡೇ ದಟ್ ನೆವರ್ ಕಮ್ಸ್’ ಮೆಲ್ಲಗೆ ಶುರುವಾಗಿ ಕೊನೆಗೆ ಅಬ್ಬರಿಸುವ ಹಾಡು. ಆ ಏರಿಳಿತವನ್ನೇ ತಟ್ಟಿ ಸಪಾಟು ಮಾಡಿದರೆ ಬರೆದವರಿಗೇ ಅನ್ಯಾಯ.