ಸಂಸತ್ತಿನ ಸ್ಥಾಯೀ ಸಮಿತಿಗಳು

ಸಭೆ, ಸಮಿತಿ ಎಂಬಿವು ಪ್ರಜಾಪತಿಯ ಇಬ್ಬರು ಪುತ್ರಿಯರೆಂದು ಅಥರ್ವವೇದದಲ್ಲಿ ಹೇಳಿದೆ. ಇವುಗಳಲ್ಲಿ ಸಮಿತಿಯೇ ಹಿರಿಯ ಜನಸಮೂಹವೆಂಬುದು ಅನೇಕ ವಿದ್ವಾಂಸರ ಮತ. ಇಂದು ಅರ್ಥವು ತಿರುಗಿದೆ. ಸಭೆಯು ದೊಡ್ಡದು, ಸಮಿತಿಯು ಅದರೊಳಗಿನ ಕಿರಿಯ ಕೂಟ. ಆದರೂ ಭಾರತದ ಸಂಸತ್ತಿನಲ್ಲಿ ಸೂಕ್ಷ್ಮವಾದ ಪರಿಶೋಧನೆಯು ನಡೆಯತಕ್ಕ ಸ್ಥಳವು ಬಹುಮಟ್ಟಿಗೆ ಈ ಕಿರಿಯ ಕೂಟವೇ.

ಇವುಗಳಲ್ಲಿ ಹಳೆಯದಾದ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯು 1921ರಲ್ಲಿ ಹುಟ್ಟಿತು. ಆಗ ಸರ್ಕಾರದ ಹಣಕಾಸಿನ ಸದಸ್ಯನೇ ಅದರ ಅಧ್ಯಕ್ಷನು. ಲೆಕ್ಕ ಒಪ್ಪಿಸತಕ್ಕವನೇ ಲೆಕ್ಕ ಕೇಳುವ ಪೀಠದಲ್ಲಿ ಕುಳಿತಂತಾಗಿದ್ದಿತು. 1950ರಲ್ಲಿ ಈ ವ್ಯವಸ್ಥೆಯು ತೊಲಗಿತು. 1967ರಿಂದ ವಿರೋಧಪಕ್ಷದವರೊಬ್ಬರು ಅಧ್ಯಕ್ಷರಾಗುವುದು ರೂಢಿಯಾಗಿದೆ.

ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗಳು 1993ರಲ್ಲಿ 17 ಇದ್ದುವು. 2004ರಲ್ಲಿ 24 ಆದುವು. ಒಂದೊಂದರಲ್ಲಿಯೂ ಲೋಕಸಭೆಯ 21, ರಾಜ್ಯಸಭೆಯ 10 ಮಂದಿ ಸದಸ್ಯರು; ಮಂತ್ರಿಗಳಿಗೆ ಇಲ್ಲಿ ಸ್ಥಾನವಿಲ್ಲ. ಇವರು ಇಲಾಖೆಯ ಅನುದಾನದ ಬೇಡಿಕೆಗಳನ್ನು ಶೋಧಿಸುವರು, ಅಧಿಕಾರಿಗಳನ್ನು ಕರೆಯಿಸಿ ಪ್ರಶ್ನಿಸುವರು. ವಿಚಾರಣೆಯು ಕದ ಮುಚ್ಚಿ ನಡೆಯುವುದರಿಂದ ಪಕ್ಷದ ಕಟ್ಟು ಕೊಂಚ ಸಡಿಲುವುದು. ಮಾತು ಹೊರಗಣ ಕಿವಿಗಳಿಗಾಗಿ ಆಡಿದುದಾಗದೆ ವಿಷಯಕ್ಕೆ ಅಂಟಿಕೊಳ್ಳುವುದು.

ಆದರೆ ಮಸೂದೆಗಳ ವಿಚಾರದಲ್ಲಿ ‘ಸ್ಥಾಯಿ’ ಎಂಬ ವಿಶೇಷಣದಿಂದ ಹೆಚ್ಚನ್ನು ನಿರೀಕ್ಷಿಸಲಾಗದು. ವಿಭಾವಾದಿಗಳು ಕೂಡದೆ ಸ್ಥಾಯಿಯು ರಸವಾಗದೆಂಬುದು ನಮ್ಮ ಆಲಂಕಾರಿಕರ ಮತವಷ್ಟೆ. ಅಂತೆಯೇ, ಒಪ್ಪಿಸಿದ ಹೊರತು ಸಮಿತಿಯು ಮಸೂದೆಯನ್ನು ಮುಟ್ಟಲಾರದು, ಒಪ್ಪಿಸಲೇಬೇಕೆಂಬ ವಿಧಿಯಿಲ್ಲ. ಕೊಟ್ಟ ಸಲಹೆಯು ಸರ್ಕಾರವನ್ನು ಕಟ್ಟಿಹಾಕುವುದೂ ಇಲ್ಲ.

ಒಂದು ನಿದರ್ಶನವನ್ನು ನೋಡಬಹುದು. ನಿವಾಸಿಗಳಿಗೆ ಗುರುತಿನ ಸಂಖ್ಯೆಯನ್ನು ಕೊಡುವ ಪ್ರಾಧಿಕಾರದ ಮಸೂದೆಯು 2010ರ ಡಿಸೆಂಬರಿನಲ್ಲಿ ರಾಜ್ಯಸಭೆಗೆ ಬಂದಿತು. ಯಶವಂತ ಸಿನ್ಹಾ ಅವರ ಅಧ್ಯಕ್ಷತೆಯ ಹಣಕಾಸಿನ ಸಮಿತಿಯು ಒಂದು ವರ್ಷ ಪರ್ಯಾಲೋಚಿಸಿ, ಈ ರೂಪದಲ್ಲಿ ಅದನ್ನು ಒಪ್ಪಲಾಗದೆಂದು ವರದಿಮಾಡಿತು. ಜನರ ವಿವರಗಳನ್ನು ರಕ್ಷಿಸುವ ಕಾನೂನೇ ಇಲ್ಲದಿರುವುದು ಅದರ ಆಕ್ಷೇಪಗಳಲ್ಲಿ ಒಂದು. 2016ರ ಮಾರ್ಚಿನಲ್ಲಿ ಬೇರೊಂದು ಸರ್ಕಾರವು ಆಧಾರ್ ಮಸೂದೆಯನ್ನು ಹಣಕಾಸಿನ ಮಸೂದೆಯಾಗಿ ತಂದಿತು. ಅದು ಯಾವ ಸಮಿತಿಗೂ ಹೋಗದೆ ಅದೇ ತಿಂಗಳಲ್ಲಿ ಅಂಗೀಕೃತವಾಯಿತು. ರಾಜ್ಯಸಭೆಯು ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆಯು ಕೈಬಿಟ್ಟಿತು.

ಸಮಿತಿಯು ಎತ್ತಿದ್ದ ಶಂಕೆಗಳಲ್ಲಿ ಕೆಲವು ಅನ್ಯಮಾರ್ಗದಿಂದ ಮರಳಿ ಬಂದುವು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. 2018ರ ತೀರ್ಪಿನಲ್ಲಿ ಕಾನೂನಿನ ಬಹುಭಾಗವು ಉಳಿಯಿತು. ಖಾಸಗಿ ಸಂಸ್ಥೆಗಳಿಗೆ ಆ ಸಂಖ್ಯೆಯನ್ನು ಕೇಳಲು ಎಡೆಕೊಟ್ಟಿದ್ದ ಅಂಶವು ಬಿದ್ದುಹೋಯಿತು.