ಗಾಡಿ ಇನ್ನೂ ಓಡುತ್ತದಲ್ಲ!



ನಿಮ್ಮ ಮನೆಯಲ್ಲೂ ಈ ಮಾತು ಒಮ್ಮೆಯಾದರೂ ನಡೆದಿರಬೇಕು. ನೀವು ಕೆಲಸಕ್ಕೆ ಸೇರಿ ವರ್ಷವಾಗಿದೆ, ಬ್ಯಾಂಕಿನವರು ಸಾಲ ಕೊಡುತ್ತೇವೆಂದು ದಿನಕ್ಕೆರಡು ಬಾರಿ ಫೋನ್ ಮಾಡುತ್ತಾರೆ, ಮನೆಯ ಮುಂದೆ ಅಪ್ಪನ ಹಳೆಯ ಕಾರು ನಿಂತಿದೆ. "ಇದನ್ನು ತೆಗೆದುಬಿಡೋಣ" ಎನ್ನುತ್ತೀರಿ ನೀವು. "ಗಾಡಿ ಇನ್ನೂ ಓಡುತ್ತದಲ್ಲ!" ಎನ್ನುತ್ತಾರೆ ಅವರು. ಅಲ್ಲಿಗೆ ಚರ್ಚೆ ಮುಗಿದು, ಅಮ್ಮ ಚಹಾ ತರುತ್ತಾರೆ.

ನಮ್ಮ ಮನೆಯಲ್ಲಿ ಈ ಚರ್ಚೆ ಸುಮಾರು ಎರಡು ವರ್ಷ ನಡೆಯಿತು. ಅಪ್ಪ ನಾಸಿಕ್‌ನಲ್ಲಿ, ನಾನು ವಾಳೂಜಿನ ಕೆಲಸದ ನಿಮಿತ್ತ ಛತ್ರಪತಿ ಸಂಭಾಜಿನಗರದಲ್ಲಿ. ನಡುವೆ ಯೇವಲಾ, ವೈಜಾಪುರದ ಮೇಲೆ ಹಾಯುವ ರಸ್ತೆ. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದೆವೋ ಲೆಕ್ಕವಿಲ್ಲ ಎಂದು ಬರೆಯಬಹುದಿತ್ತು. ಆದರೆ ಲೆಕ್ಕವಿದೆ. ಅಪ್ಪ ಬರೆದಿಟ್ಟಿದ್ದಾರೆ.

ಅಪ್ಪ ಬೆಂಗಳೂರಿನಿಂದ ವರ್ಗವಾಗಿ ಓಝರ್‌ನ ಎಚ್.ಎ.ಎಲ್. ಕಾರ್ಖಾನೆಗೆ ಬಂದವರು. ನಿಮ್ಮಲ್ಲಿ ಹಲವರ ಮನೆಯ ಕಥೆಯೂ ಅದೇ ಇದ್ದೀತು. 1964ರಲ್ಲಿ ಮಿಗ್-21 ವಿಮಾನಗಳಿಗಾಗಿ ಶುರುವಾದ ಆ ಕಾರ್ಖಾನೆಯಲ್ಲಿ ವಿಮಾನ ಕಟ್ಟುವುದೂ, ಹಾರಿ ದಣಿದು ಬಂದ ವಿಮಾನವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವುದೂ ನಡೆಯುತ್ತಿತ್ತು. ಅಲ್ಲಿ "ಇನ್ನೂ ಹಾರುತ್ತದಲ್ಲ" ಎಂಬ ಮಾತಿಗೆ ಬೆಲೆ ಇಲ್ಲ. ಇಷ್ಟು ಗಂಟೆ ಹಾರಿದ ಮೇಲೆ ಓವರ್‌ಹಾಲ್ ಎಂದರೆ ಓವರ್‌ಹಾಲ್. ಕೆಟ್ಟಿರಲಿ, ಬಿಡಲಿ, ಬಿಚ್ಚಿ ನೋಡಲೇಬೇಕು. ಪ್ರತಿ ಭಾಗಕ್ಕೂ ಆಯುಷ್ಯ ಗೊತ್ತುಮಾಡಿರುತ್ತಾರೆ. ಪ್ರತಿ ವಿಮಾನಕ್ಕೂ ಒಂದು ಲಾಗ್ ಪುಸ್ತಕ. 1963ರಲ್ಲಿ ವಾಯುಪಡೆ ಸೇರಿದ ಮಿಗ್-21 ಚಂಡೀಗಢದಲ್ಲಿ 2025ರ ಸೆಪ್ಟೆಂಬರ್ 26ರಂದು ನಿವೃತ್ತವಾಯಿತು. ಅರವತ್ತೆರಡು ವರ್ಷ! ಆದರೆ ಒಂದೇ ವಿಮಾನ ಅಷ್ಟು ವರ್ಷ ಹಾರಿದ್ದಲ್ಲ ಎಂಬುದನ್ನು ಮರೆಯಬೇಡಿ. ಹಳೆಯವು ಹೋದವು, ಹೊಸವು ಬಂದವು, ಕೊನೆಯವರೆಗೆ ಉಳಿದವನ್ನು 'ಬೈಸನ್' ಎಂದು ನವೀಕರಿಸಿದರು. ನಿವೃತ್ತಿಯಾಗಿ ಮೂರು ವಾರಕ್ಕೆ, ಅಕ್ಟೋಬರ್ 17ರಂದು, ಅದೇ ಓಝರ್‌ನಿಂದ ಅಲ್ಲಿಯೇ ತಯಾರಾದ ಮೊದಲ ತೇಜಸ್ ಮಾರ್ಕ್-1ಎ ಹಾರಿತು. ಅಪ್ಪ ಟಿ.ವಿ. ಮುಂದೆ ಕೂತು ಎರಡನ್ನೂ ನೋಡಿದರು. ಏನೂ ಮಾತಾಡಲಿಲ್ಲ.

ಇರಲಿ, ಕಾರಿಗೆ ಬರೋಣ. ಅಪ್ಪ ಕಾರಿಗೂ ಒಂದು ಲಾಗ್ ಪುಸ್ತಕ ಇಟ್ಟಿದ್ದರು. ಎಲ್.ಐ.ಸಿ. ಡೈರಿಯಲ್ಲಿ ಡೀಸೆಲ್ ಎಷ್ಟು ಲೀಟರ್, ಮೀಟರ್ ಎಷ್ಟು, ಯಾವ ಭಾಗ ಬದಲಾಯಿತು, ಎಷ್ಟು ರೂಪಾಯಿ, ಎಲ್ಲವೂ. 2008ರ ಗಾಡಿ, 2022ರ ಕೊನೆಗೆ 2,74,000 ಕಿ.ಮೀ. ದಾಟಿತ್ತು. ಒಂದು ಭಾನುವಾರ ನಾನು ಕೊನೆಯ ಐದು ವರ್ಷದ ರಿಪೇರಿ ಕೂಡಿಸಿದೆ. 2018ರಲ್ಲಿ 14,200 ರೂ., 2019ರಲ್ಲಿ 9,800, ಲಾಕ್‌ಡೌನಿನ 2020ರಲ್ಲಿ 3,100, 2021ರಲ್ಲಿ 22,500, 2022ರಲ್ಲಿ 47,900. ಒಟ್ಟು 97,500. ವರ್ಷಕ್ಕೆ ಸರಾಸರಿ 19,500.

ಈಗ ನನ್ನ ಕಡೆಯ ಲೆಕ್ಕ. ಆರು ಲಕ್ಷ ಸಾಲ, ಶೇಕಡಾ 9ರ ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 12,455 ರೂ. ವರ್ಷಕ್ಕೆ ಒಂದೂವರೆ ಲಕ್ಷಕ್ಕೆ ತುಸು ಕಡಿಮೆ. ಬಡ್ಡಿಯೇ 1,47,000 ದಾಟುತ್ತದೆ. ಮೇಲೆ ಹೊಸ ಗಾಡಿಯ ವಿಮೆ ಬೇರೆ. ಅಪ್ಪ ಗೆದ್ದರು ಎನ್ನಿ!

"ರಿಪೇರಿ ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ ಮಾರಿಬಿಡು" ಎಂದು ಗೆಳೆಯರು ನಿಮಗೆ ಹೇಳುತ್ತಾರೆ. ಈ ಸೂತ್ರ ನನಗೆ ಒಪ್ಪಿಗೆಯಿಲ್ಲ. ಹಳೆಯ ಗಾಡಿಗೆ ಪೇಟೆಯಲ್ಲಿ ಎಂಬತ್ತು ಸಾವಿರವಷ್ಟೇ ಬರಬಹುದು. ಐವತ್ತು ಸಾವಿರ ಹಾಕಿದರೆ ಅದು ಮೂರು ವರ್ಷ ಗಟ್ಟಿಯಾಗಿ ಓಡುವುದಾದರೆ ಅದೇ ಅಗ್ಗ. ನೀವು ಕೊಳ್ಳುತ್ತಿರುವುದು ಮುಂದಿನ ವರ್ಷಗಳನ್ನು, ಗಾಡಿಯ ಬೆಲೆಯನ್ನಲ್ಲ. ಆದರೆ ಸರಾಸರಿಯನ್ನೂ ಪೂರ್ತಿ ನಂಬಬೇಡಿ. ಆ ಐದು ಅಂಕಿಗಳನ್ನು ಇನ್ನೊಮ್ಮೆ ಓದಿ: ಕೊನೆಯ ಎರಡು ಹೇಗೆ ಜಿಗಿದಿವೆ ನೋಡಿದಿರಾ? 2022ರ ಖರ್ಚಿನಲ್ಲಿ ಹೆಡ್ ಗ್ಯಾಸ್ಕೆಟ್ ಇತ್ತು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಅನುಮಾನ ಅದರ ಮೇಲೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಅದು ದೊಡ್ಡ ಖರ್ಚು. ಕಪ್ಪು ಹೊಗೆಗೆ ಅಷ್ಟು ಹೆದರಬೇಕಿಲ್ಲ, ಏರ್ ಫಿಲ್ಟರ್ ಅಥವಾ ಇಂಜೆಕ್ಟರ್ ನೋಡಿಸಿ. ಯಾವುದಕ್ಕೂ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಎರಡನೆಯ ಗ್ಯಾರೇಜಿನ ಅಭಿಪ್ರಾಯವನ್ನೂ ಕೇಳಿ. ನಮಗೆ ಒಬ್ಬರು ಅರವತ್ತು ಸಾವಿರ ಎಂದ ಕೆಲಸವನ್ನು ಇನ್ನೊಬ್ಬರು ಹದಿನೆಂಟಕ್ಕೆ ಮಾಡಿದರು, ಚೆನ್ನಾಗಿಯೇ ಮಾಡಿದರು.

ಹಾಗಾಗಿ ಗಾಡಿ ಉಳಿಯಿತು. 2023ರ ಜನವರಿಯಲ್ಲಿ ಅಪ್ಪ, ಅಮ್ಮನನ್ನು ಕೂರಿಸಿಕೊಂಡು ಚಾಳೀಸ್‌ಗಾಂವ್ ಬಳಿಯ ಪಾಟಣಕ್ಕೆ ಹೊರಟೆ. ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವನ ಶಾಸನವಿರುವ ಊರು ಅದು. ಅಪ್ಪನಿಗೆ ನೋಡುವ ಆಸೆ ಬಹಳ ವರ್ಷದ್ದು. ದಾರಿಯಲ್ಲಿ ಕನ್ನಡ ಎಂಬ ತಾಲ್ಲೂಕು ಊರು ಸಿಗುತ್ತದೆ. ಇಲ್ಲಿಯ ಬಸ್ಸಿನ ಬೋರ್ಡಿನಲ್ಲಿ ದೇವನಾಗರಿಯಲ್ಲಿ 'ಕನ್ನಡ' ಎಂದು ಓದಿ ಮೊದಲ ಬಾರಿ ರೋಮಾಂಚನಗೊಳ್ಳದ ಕನ್ನಡಿಗನನ್ನು ನಾನು ಕಂಡಿಲ್ಲ! ಆ ಊರು ದಾಟಿದರೆ ಔತ್ರಂ ಘಾಟಿಯ ಇಳಿಜಾರು.

ಅರ್ಧ ಘಾಟಿ ಇಳಿದಿರಬಹುದು. ಬ್ರೇಕ್ ಪೆಡಲ್ ಮೆತ್ತಗಾಯಿತು. ಇನ್ನೊಮ್ಮೆ ತುಳಿದೆ, ನೆಲದವರೆಗೂ ಹೋಯಿತು. ಮುಂದೆ ಕಬ್ಬಿನ ಲಾರಿ. ಅಪ್ಪ ಮೆಲ್ಲಗೆ "ಗೇರ್ ಇಳಿಸು, ಹೆದರಬೇಡ" ಎಂದರು. ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಬದಿಗೆ ಒರಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದರು. ಐದು ನಿಮಿಷ ಯಾರೂ ಇಳಿಯಲಿಲ್ಲ.

ತಪ್ಪು ನಮ್ಮದೇ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾಯ್ದಾಗ ಒಳಗೆ ಆವಿಯ ಗುಳ್ಳೆಗಳೆದ್ದು, ಪೆಡಲಿನ ಒತ್ತಡವನ್ನೆಲ್ಲ ಅವೇ ನುಂಗಿಬಿಡುತ್ತವೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ಡೈರಿ ತೆಗೆದು ನೋಡಿದರೆ, ಕೊನೆಯ ಬಾರಿ ಬದಲಿಸಿದ್ದು 2016ರಲ್ಲಿ! ಎಲ್ಲವನ್ನೂ ಬರೆದಿಡುವ ಅಪ್ಪ, ಬರೆಯದೆ ಉಳಿದದ್ದನ್ನು ನೋಡಿರಲಿಲ್ಲ. ನಾನಂತೂ ಡೈರಿಯನ್ನು ಓದಿದ್ದೇ ಜಗಳಕ್ಕಾಗಿ.

ರಿಪೇರಿಗೆ ಸಾವಿರ ಚಿಲ್ಲರೆ ಸಾಕಾಗಿತ್ತು. ಅದಕ್ಕಾಗಿ ಗಾಡಿ ಮಾರುವ ಅಗತ್ಯವೇ ಇರಲಿಲ್ಲ. ಆದರೆ ಲಿಫ್ಟಿನ ಮೇಲೆ ಏರಿಸಿದಾಗ ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಕೆಳಗಿನ ಚಾಸಿಸ್ ಚುಚ್ಚಿ ತೋರಿಸಿದ. ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ಹಪ್ಪಳದಂತೆ ಉದುರಿತು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಎಲ್ಲವನ್ನೂ ಬದಲಿಸಬಹುದು. ಭಾರ ಹೊರುವ ಲೋಹವೇ ಹೋದ ಮೇಲೆ ವೆಲ್ಡಿಂಗ್ ಮಾಡಿಸಿ ತಂದೆತಾಯಿಯನ್ನು ಕೂರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಅಪ್ಪನೂ ತಾವೇ ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು. "ಇದರ ಲೈಫ್ ಮುಗೀತು" ಎಂದರು.

ಕಾಗದದ ವಿಷಯವನ್ನೂ ತಿಳಿದಿರಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಕಾರಿಗೆ ಈ ಶುಲ್ಕ 5,000 ರೂ.; ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಿಂದ 10,000. ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. ಕೆ.ಎ. ನಂಬರಿನ ಗಾಡಿಯನ್ನು ಊರಿಂದ ತಂದಿದ್ದರೆ, ಹನ್ನೆರಡು ತಿಂಗಳು ದಾಟುವುದರೊಳಗೆ ಎನ್.ಓ.ಸಿ. ತರಿಸಿ ಎಂ.ಎಚ್.-15 ಅಥವಾ ಎಂ.ಎಚ್.-20 ಮಾಡಿಸುವ, ಇಲ್ಲಿಯ ರಸ್ತೆ ತೆರಿಗೆ ಕಟ್ಟುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೊಳ್ಳುತ್ತೇನೆಂದು ಇಬ್ಬರು ಬಂದರು. ತುಕ್ಕು ಮುಚ್ಚಿಟ್ಟು ಮಾರಲು ಮನಸ್ಸಾಗಲಿಲ್ಲ. 2021ರ ನಿಯಮಗಳಂತೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಒಪ್ಪಿಸಿದೆವು. ಅವರು ಕೊಡುವ ಠೇವಣಿ ಪ್ರಮಾಣಪತ್ರ ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿ, ರಸ್ತೆ ತೆರಿಗೆಯಲ್ಲೂ ರಿಯಾಯಿತಿ ಉಂಟು. ಆದರೆ ನಾವು ಹೊಸದು ಕೊಳ್ಳಲಿಲ್ಲ. ವಿಮೆಯವರ ಪಟ್ಟಿಯಲ್ಲೇ ನೋಡಿ: ಎರಡು ವರ್ಷ ದಾಟಿ ಮೂರನೆಯದು ತುಂಬುವುದರೊಳಗೆ ಗಾಡಿಯ ಬೆಲೆಯಲ್ಲಿ ಶೇಕಡಾ 30 ಕಳೆಯುತ್ತಾರೆ. ಆ ಮೂವತ್ತನ್ನು ಬೇರೆ ಯಾರೋ ಕಳೆದುಕೊಂಡ ಮೇಲೆ ಕೊಂಡರೆ ನಮಗೇ ಲಾಭ. 2020ರ ಗಾಡಿಯೊಂದು ಸಿಕ್ಕಿತು. 2019ರ ನಂತರದ್ದೇ ಬೇಕೆಂದು ಹಟ ಹಿಡಿದವನು ನಾನು, ಎ.ಬಿ.ಎಸ್. ಮತ್ತು ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು ಆ ವರ್ಷ.

ಹಳೆಯ ಗಾಡಿಯನ್ನು ಒಯ್ಯುವ ದಿನ ಅಪ್ಪ ಡ್ಯಾಶ್‌ಬೋರ್ಡಿನ ಪುಟ್ಟ ಗಣಪನನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಡೈರಿಯ ಕೊನೆಯ ಪುಟದಲ್ಲಿ ಮೀಟರಿನ ಅಂಕಿ ಬರೆದು, ಕೆಳಗೆ ಗೆರೆ ಎಳೆದು, ಸಹಿ ಮಾಡಿದರು. ಮರುದಿನ ಹೊಸ ಡೈರಿ ತೆರೆದರು. ಅದರ ಮೊದಲ ಸಾಲು ಹೀಗಿದೆ: "31,460 ಕಿ.ಮೀ. ಬ್ರೇಕ್ ಫ್ಲೂಯಿಡ್ ಬದಲಿಸಿದೆ."